ಆರು ತಲೆ, ಒಂದು ಔಷಧ ಚೀಟಿ

ಪ್ರಶ್ನೆ ಹೀಗಿದೆ. 62 ವರ್ಷದ ಹೆಂಗಸು. ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ತೊಂದರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯದಿರಲೆಂದು ದಿನಾ 5 ಮಿಲಿಗ್ರಾಂ ವಾರ್ಫರಿನ್ ಮಾತ್ರೆ ನುಂಗುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತಿದೆ ಎಂದು ತಿಳಿಸುವ ಐಎನ್‌ಆರ್ ಪರೀಕ್ಷೆಯಲ್ಲಿ ಹಲವು ತಿಂಗಳಿಂದ ಅವರ ಅಂಕಿ 2.4ರ ಆಸುಪಾಸು ನಿಂತಿದೆ. 2ರಿಂದ 3ರ ಒಳಗಿದ್ದರೆ ಎಲ್ಲರಿಗೂ ನೆಮ್ಮದಿ. ಈಗ ಮೂತ್ರದ ಸೋಂಕು ತಗುಲಿದೆ. ವೈದ್ಯರು ಕೋಟ್ರೈಮೊಕ್ಸಜೋಲ್ ಬರೆದುಕೊಟ್ಟಿದ್ದಾರೆ. ಚೀಟಿ ಹಿಡಿದು ಕೌಂಟರಿನ ಎದುರು ನಿಂತಿದ್ದಾರೆ. ನೀವು ಫಾರ್ಮಸಿಸ್ಟ್. ಮೊದಲು ಏನು ಮಾಡುತ್ತೀರಿ?

ಎ: ಚೀಟಿಯಲ್ಲಿದ್ದಂತೆ ಮಾತ್ರೆ ಕೊಟ್ಟು, ಮುಂದಿನ ತಿಂಗಳ ರಕ್ತಪರೀಕ್ಷೆ ತಪ್ಪಿಸಬೇಡಿ ಅನ್ನುತ್ತೀರಿ. ಬಿ: ವೈದ್ಯರಿಗೆ ಫೋನ್ ಮಾಡಿ, ವಾರ್ಫರಿನ್ ಪ್ರಮಾಣ ತಗ್ಗಿಸಿ ನಾಲ್ಕೈದು ದಿನದಲ್ಲಿ ಐಎನ್‌ಆರ್ ನೋಡಬಹುದೇ ಎಂದು ಕೇಳುತ್ತೀರಿ. ಸಿ: ಫೋನ್ ಮಾಡಿ, ಆಂಟಿಬಯಾಟಿಕ್ಕನ್ನೇ ಬದಲಿಸಿ ನೈಟ್ರೋಫ್ಯುರಾಂಟಾಯಿನ್ ಕೊಡಬಹುದೇ ಎಂದು ಕೇಳುತ್ತೀರಿ. ಡಿ: ಆಂಟಿಬಯಾಟಿಕ್ ಮುಗಿಯುವತನಕ ವಾರ್ಫರಿನ್ ನಿಲ್ಲಿಸಿಬಿಡಿ ಎಂದು ಆ ಹೆಂಗಸಿಗೇ ಹೇಳುತ್ತೀರಿ.

ಮಾಮೂಲಿ ತರಗತಿಯಲ್ಲಿ ಈ ಸಂಗತಿಗೆ ಸಿಗುವುದು ಒಂದು ಸಾಲು. ಕೋಟ್ರೈಮೊಕ್ಸಜೋಲಿನಲ್ಲಿರುವ ಸಲ್ಫಮೆಥಾಕ್ಸಜೋಲ್ ಯಕೃತ್ತಿನ ಸಿವೈಪಿ2ಸಿ9 ಕಿಣ್ವವನ್ನು ತಡೆಯುತ್ತದೆ, ವಾರ್ಫರಿನ್ ಮಟ್ಟ ಏರುತ್ತದೆ, ರಕ್ತಸ್ರಾವ ಆದೀತು. ಅಧ್ಯಾಪಕರು ಸ್ಲೈಡ್ ತೋರಿಸುತ್ತಾರೆ, ವಿದ್ಯಾರ್ಥಿಗಳು ಬರೆದುಕೊಂಡು ಅಡಿಗೆರೆ ಎಳೆಯುತ್ತಾರೆ, ಹಿಂದಿನ ಬೆಂಚಿನವರು ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಆ ಸಾಲು ನೋಟ್ಸಿನಲ್ಲಿ ಭದ್ರವಾಗಿರುತ್ತದೆ. ಆದರೆ ಅದನ್ನು ಬಾಯಿಪಾಠ ಮಾಡಿದವರಿಗೂ ಕೌಂಟರಿನ ಎದುರು ಫೋನ್ ಎತ್ತಬೇಕೋ ಬೇಡವೋ, ಎತ್ತಿದರೆ ಏನು ಕೇಳಬೇಕು ಅನ್ನುವುದು ಗೊತ್ತಾಗಬೇಕೆಂದಿಲ್ಲ.

ತಂಡ ಆಧಾರಿತ ಕಲಿಕೆಯ ತರಗತಿಯಲ್ಲಿ ಇದೇ ಪ್ರಶ್ನೆ ಅರ್ಧ ಗಂಟೆ ನುಂಗುತ್ತದೆ. ಐದಾರು ಜನರ ತಂಡಗಳು ದುಂಡಗೆ ಕೂತಿರುತ್ತವೆ. ಎಲ್ಲರಿಗೂ ಇದೊಂದೇ ಪ್ರಶ್ನೆ. ತಲೆಗೆ ತಲೆ ಕೊಟ್ಟು ವಾದಿಸಿ ಒಂದೇ ಅಕ್ಷರಕ್ಕೆ ಬರಬೇಕು. ಅಧ್ಯಾಪಕರು ಸೂಚನೆ ಕೊಟ್ಟ ಕ್ಷಣ ಎಲ್ಲ ತಂಡಗಳೂ ಒಟ್ಟಿಗೇ ಅಕ್ಷರದ ಫಲಕ ಮೇಲೆತ್ತಬೇಕು. ಮೂರು ತಂಡ ಸಿ, ಎರಡು ತಂಡ ಬಿ, ಒಂದು ಡಿ ಎಂದಿಟ್ಟುಕೊಳ್ಳಿ. ಡಿ ಎತ್ತಿದವರ ಕಡೆ ಎಲ್ಲರ ಕತ್ತೂ ತಿರುಗುತ್ತದೆ. ಅವರೀಗ ಮಾತಾಡಲೇಬೇಕು.

ಡಿ ಯಾಕೆ ಅಪಾಯ ಎಂದು ಸಿ ತಂಡ ಹೇಳಬೇಕಾಗುತ್ತದೆ. ವಾರ್ಫರಿನ್ ರಕ್ತದಲ್ಲಿ ಈಗಾಗಲೇ ಇರುವ ಹೆಪ್ಪುಕಾರಕ ಪ್ರೋಟೀನುಗಳ ಮೇಲೆ ಕೈ ಮಾಡುವುದಿಲ್ಲ. ವಿಟಮಿನ್ ಕೆ ಪುನಃ ಬಳಕೆಗೆ ಬರುವ ದಾರಿಗೆ ಅಡ್ಡ ನಿಂತು, ಯಕೃತ್ತು ಹೊಸ ಪ್ರೋಟೀನುಗಳನ್ನು ಸರಿಯಾಗಿ ತಯಾರಿಸದಂತೆ ನೋಡಿಕೊಳ್ಳುತ್ತದೆ. ಹಳೆಯ ದಾಸ್ತಾನು ಖಾಲಿಯಾಗಲು ದಿನಗಳೇ ಬೇಕು, ತುಂಬಿಕೊಳ್ಳಲೂ ದಿನಗಳೇ ಬೇಕು. ನಿಲ್ಲಿಸಿದರೆ ರಕ್ಷಣೆ ಮೆಲ್ಲಗೆ ಜಾರಿಹೋಗುತ್ತದೆ, ಮತ್ತೆ ಶುರು ಮಾಡಿದರೂ ತಕ್ಷಣ ಮರಳುವುದಿಲ್ಲ. ನಡುವಿನ ದಿನಗಳಲ್ಲಿ ಹೆಪ್ಪು ಮಿದುಳಿಗೆ ಹೋಗಬಹುದು. ಎ ಕೂಡ ದಿನಗಳ ಲೆಕ್ಕದಲ್ಲೇ ಬೀಳುತ್ತದೆ: ಕಿಣ್ವಕ್ಕೆ ತಡೆ ಬಿದ್ದ ಮೇಲೆ ಐಎನ್‌ಆರ್ ಕೆಲವೇ ದಿನಗಳಲ್ಲಿ ಏರುತ್ತದೆ, ಒಂದು ತಿಂಗಳು ಕಾದರೆ ತಡವಾಯಿತು.

ಉಳಿದದ್ದು ಬಿ ಮತ್ತು ಸಿ. ನಿಜವಾದ ಜಗಳ ಇಲ್ಲಿದೆ. ನೈಟ್ರೋಫ್ಯುರಾಂಟಾಯಿನ್ ರಕ್ತದಲ್ಲಿ ಹೆಚ್ಚು ಉಳಿಯದೆ ಮೂತ್ರದಲ್ಲಿ ಸಾಂದ್ರವಾಗುತ್ತದೆ, ವಾರ್ಫರಿನ್ನಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಸಿ ಮೇಲು. ಸರಿ, ಆ ಹೆಂಗಸಿನ ಮೂತ್ರಪಿಂಡ ಸೊರಗಿದ್ದರೆ? ಔಷಧ ಮೂತ್ರಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಚಳಿಜ್ವರ ಬಂದು ಪಕ್ಕೆ ನೋಯುತ್ತಿದ್ದರೆ? ಸೋಂಕು ಮೂತ್ರಪಿಂಡಕ್ಕೇ ಏರಿರಬಹುದು, ಅಲ್ಲಿಗೆ ಈ ಮಾತ್ರೆ ಮುಟ್ಟುವುದಿಲ್ಲ. ಹಾಗಾದರೆ ಸಿಪ್ರೋಫ್ಲಾಕ್ಸಸಿನ್? ಅದೂ ಐಎನ್‌ಆರ್ ಏರಿಸಬಲ್ಲದು. ಆಗ ಬಿ ಎತ್ತಿದವರ ಮಾತಿಗೆ ತೂಕ ಬರುತ್ತದೆ. ಅಧ್ಯಾಪಕರು ಪ್ರಕರಣಕ್ಕೆ ಒಂದು ಸಾಲು ಸೇರಿಸಿದರೆ ಸಾಕು, ತರಗತಿಯ ಸರಿ ಉತ್ತರ ಜಾಗ ಬದಲಿಸುತ್ತದೆ.

ಇದರಲ್ಲಿ ಅಧ್ಯಾಪಕರ ಮಾತುಗಾರಿಕೆಗಾಗಲಿ ವಿದ್ಯಾರ್ಥಿಗಳ ಜಾಣತನಕ್ಕಾಗಲಿ ಹೆಚ್ಚಿನ ಪಾಲಿಲ್ಲ. ‘ಈ ಬ್ಯಾಚಿಗೆ ಆಸಕ್ತಿಯೇ ಇಲ್ಲ’ ಎಂಬ ಗೊಣಗಾಟ ಸ್ಟಾಫ್ ರೂಮುಗಳಲ್ಲಿ ವರ್ಷವರ್ಷ ಕೇಳಿಬರುತ್ತದೆ. ನನ್ನ ಅನಿಸಿಕೆಯಲ್ಲಿ ಆಸಕ್ತಿ ಬ್ಯಾಚಿನೊಳಗೆ ಇರುವ ಸರಕಲ್ಲ. ಗಂಟೆಯನ್ನು ಹೇಗೆ ಕಟ್ಟಿದ್ದೇವೆ ಎಂಬುದರಿಂದ ಅದು ಹುಟ್ಟುತ್ತದೆ ಅಥವಾ ಸಾಯುತ್ತದೆ.

ಈ ಕಟ್ಟುವಿಕೆ ಶುರುವಾದದ್ದು ಔಷಧ ವಿಜ್ಞಾನದಿಂದ ದೂರದಲ್ಲಿ. 1970ರ ದಶಕದ ಕೊನೆಯಲ್ಲಿ ಲ್ಯಾರಿ ಮೈಕೆಲ್ಸನ್ ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆ ಕಲಿಸುತ್ತಿದ್ದರು. 40 ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರಕರಣಗಳನ್ನು ಚರ್ಚಿಸುತ್ತ ಆರಾಮವಾಗಿದ್ದವರಿಗೆ ಒಮ್ಮೆಗೇ 120 ಜನರ ತರಗತಿ ಬಂತು. ಇಷ್ಟು ಜನಕ್ಕೆ ಲೆಕ್ಚರ್ ಬಿಟ್ಟು ಗತಿಯಿಲ್ಲ ಎಂದರು ಸಹೋದ್ಯೋಗಿಗಳು. ಮೈಕೆಲ್ಸನ್ ಒಪ್ಪಲಿಲ್ಲ. ಅಷ್ಟೂ ಜನರನ್ನು ತಂಡಗಳಾಗಿ ಒಡೆದರು, ಇಡೀ ಅವಧಿಗೆ ಒಂದೇ ತಂಡ. ಓದುವ ಕೆಲಸ ಮನೆಗೆ ಹೋಯಿತು, ಮನೆಗೆ ಹೋಗುತ್ತಿದ್ದ ಲೆಕ್ಕಗಳು ತರಗತಿಗೆ ಬಂದವು.

ಮನೆಯಲ್ಲಿ ಓದಿ ಬನ್ನಿ ಎಂದರೆ ಓದುತ್ತಾರೆಯೇ? ಯಾರು ಕೇಳಿದರೂ ಮೊದಲು ಕೇಳುವುದು ಇದನ್ನೇ. ಅದಕ್ಕಾಗಿಯೇ ಅವಧಿಯ ಮೊದಲಿಗೆ ಹತ್ತಿಪ್ಪತ್ತು ಪ್ರಶ್ನೆಗಳ ಸಣ್ಣ ಪರೀಕ್ಷೆ ಇರುತ್ತದೆ. ಅದನ್ನು ಒಬ್ಬೊಬ್ಬರೇ ಬರೆದು ಕೊಡಬೇಕು, ಅಂಕ ಲೆಕ್ಕಕ್ಕಿದೆ. ಉತ್ತರ ಪತ್ರಿಕೆ ಕೈಬಿಟ್ಟ ಕೂಡಲೇ ಅದೇ ಪ್ರಶ್ನೆಗಳನ್ನು ತಂಡವಾಗಿ ಮತ್ತೆ ಉತ್ತರಿಸಬೇಕು. ಈ ಸಲ ಕೈಯಲ್ಲಿ ಕೆರೆಯುವ ಕಾರ್ಡು. ಪ್ರತಿ ಆಯ್ಕೆಯ ಮೇಲೂ ಬೂದು ಪದರ. ತಂಡ ಒಪ್ಪಿದ ಅಕ್ಷರವನ್ನು ಕೆರೆದಾಗ ನಕ್ಷತ್ರ ಕಂಡರೆ ಪೂರ್ಣ ಅಂಕ. ಖಾಲಿ ಬಂದರೆ ಮತ್ತೆ ವಾದ, ಮತ್ತೆ ಕೆರೆತ, ಅಂಕ ಅರ್ಧಕ್ಕಿಳಿಯುತ್ತದೆ.

ಕ್ಷುಲ್ಲಕ ಅನ್ನಿಸುವ ಈ ಕಾರ್ಡು ತಂಡದೊಳಗಿನ ಅಧಿಕಾರವನ್ನು ಸದ್ದಿಲ್ಲದೆ ಮರುಹಂಚಿಕೆ ಮಾಡುತ್ತದೆ. ಜೋರು ಬಾಯಿಯವನು ‘ಬಿ ಪಕ್ಕಾ, ಕೆರಿ’ ಅನ್ನುತ್ತಾನೆ. ಮೂಲೆಯಲ್ಲಿ ಕೂತ ಹುಡುಗಿ ‘ಸಿ ಇರಬಹುದೇನೋ’ ಎಂದದ್ದು ಯಾರ ಕಿವಿಗೂ ಬೀಳುವುದಿಲ್ಲ. ಬಿ ಖಾಲಿ. ಸಿ ಕೆರೆದರೆ ನಕ್ಷತ್ರ. ಹೀಗೆ ಎರಡು ಸಲ ಆಗಲಿ, ಮೂರನೆಯ ಪ್ರಶ್ನೆಗೆ ತಂಡ ತಾನಾಗಿಯೇ ಅವಳ ಕಡೆ ತಿರುಗುತ್ತದೆ. ‘ಎಲ್ಲರೂ ಮಾತಾಡಿ’ ಎಂದು ಅಧ್ಯಾಪಕರು ಹತ್ತು ಸಲ ಹೇಳಿ ಆಗದ್ದು ಕೂತಲ್ಲೇ, ಆ ಕ್ಷಣದಲ್ಲೇ ಆಗಿಬಿಡುತ್ತದೆ. ತಪ್ಪೆಂದು ಬಂದ ಉತ್ತರವನ್ನು ಒಪ್ಪದ ತಂಡ ಮೇಲ್ಮನವಿಯನ್ನೂ ಬರೆಯಬಹುದು. ಪುಸ್ತಕದ ಆಧಾರ ತೋರಿಸಿ ವಾದ ಗೆದ್ದರೆ ಅಂಕ ಸಿಗುತ್ತದೆ, ಬರೆದ ತಂಡಕ್ಕೆ ಮಾತ್ರ. ಪಠ್ಯಪುಸ್ತಕವನ್ನು ಯಾರಾದರೂ ರೋಷದಿಂದ ಓದುವುದಿದ್ದರೆ ಅದು ಈ ಐದು ನಿಮಿಷಗಳಲ್ಲಿ.

ತಂಡದ ಅಂಕವೆಂದರೆ ಅದರಲ್ಲಿರುವ ಅತಿ ಜಾಣನ ಅಂಕ ತಾನೇ? 1989ರಲ್ಲಿ ಮೈಕೆಲ್ಸನ್ ಮತ್ತು ಜೊತೆಗಾರರು 222 ತಂಡಗಳ ಲೆಕ್ಕ ತೆಗೆದರು. ಶೇ 97ರಷ್ಟು ಸಲ ತಂಡ ತನ್ನ ಅತ್ಯುತ್ತಮ ಸದಸ್ಯನನ್ನೂ ಮೀರಿಸಿತ್ತು. ಇನ್ನೂ ವಿಚಿತ್ರವಾದದ್ದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನ. ತಳಿವಿಜ್ಞಾನದ ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಅಕ್ಕಪಕ್ಕದವರು ಚರ್ಚಿಸಿದ ಮೇಲೆ, ಅದೇ ತತ್ವದ ಇನ್ನೊಂದು ಪ್ರಶ್ನೆ ಕೊಟ್ಟು ಒಬ್ಬೊಬ್ಬರೇ ಉತ್ತರಿಸಲು ಹೇಳಿದರು. ಮೊದಲು ಯಾರೊಬ್ಬರಿಗೂ ಸರಿ ಉತ್ತರ ಗೊತ್ತಿರದ ಗುಂಪುಗಳ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸುಧಾರಿಸಿದ್ದರು. ಅಂದರೆ ಗೊತ್ತಿರುವವರಿಂದ ಗೊತ್ತಿಲ್ಲದವರು ನಕಲು ಹೊಡೆದದ್ದಲ್ಲ, ಮಾತಿನ ನಡುವೆ ತಿಳಿವಳಿಕೆ ಹೊಸದಾಗಿ ಹುಟ್ಟಿತ್ತು.

ಗುಂಪು ಕೆಲಸ ಎಂದರೆ ಮೂಗು ಮುರಿಯುವವರ ಅನುಭವವೂ ಸುಳ್ಳಲ್ಲ. ಐದು ಜನರ ಅಸೈನ್‌ಮೆಂಟಿನಲ್ಲಿ ಒಬ್ಬಳು ಬರೆದು, ಇನ್ನೊಬ್ಬ ಪ್ರಿಂಟ್ ತೆಗೆಸಿ, ಉಳಿದ ಮೂವರು ಹೆಸರು ಹಾಕಿಸಿಕೊಳ್ಳುವುದನ್ನು ಯಾವ ಕಾಲೇಜು ಕಂಡಿಲ್ಲ? ತೇರಿನ ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ತೇರನ್ನು ಎಳೆಯುತ್ತಿರುವುದಿಲ್ಲ. ಇದನ್ನು ನಿಜವಾಗಿಯೂ ಹಗ್ಗ ಕೊಟ್ಟೇ ಅಳೆದವರು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್. 19ನೇ ಶತಮಾನದ ಕೊನೆಯಲ್ಲಿ ಮಾಡಿದ ಪ್ರಯೋಗಗಳನ್ನು ಅವರು 1913ರಲ್ಲಿ ಪ್ರಕಟಿಸಿದರು. ಒಬ್ಬನೇ ಎಳೆದಾಗಿನ ಬಲ 100 ಎಂದುಕೊಂಡರೆ, ಇಬ್ಬರಾದಾಗ ತಲಾ 93, ಎಂಟು ಜನರಾದಾಗ ತಲಾ 49. ಒಬ್ಬರ ಲಯಕ್ಕೆ ಇನ್ನೊಬ್ಬರು ಹೊಂದದೆ ಹೀಗಾಗುತ್ತದೋ, ಮೈಗಳ್ಳತನವೋ? 1979ರಲ್ಲಿ ಮನೋವಿಜ್ಞಾನಿಗಳಾದ ಬಿಬ್ ಲಾಟಾನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಇದನ್ನು ಬಿಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಗಟ್ಟಿಯಾಗಿ ಕೂಗಲು ಹೇಳಿದರು. ಒಬ್ಬನೇ ಕೂಗುತ್ತಿದ್ದರೂ ಜೊತೆಗೆ ಇನ್ನೂ ಐವರು ಕೂಗುತ್ತಿದ್ದಾರೆಂದು ನಂಬಿಸಿದಾಗ ದನಿ ತಗ್ಗಿತು. ಅಲ್ಲಿ ಲಯ ತಪ್ಪಿಸಲು ಬೇರೆ ಯಾರೂ ಇರಲೇ ಇಲ್ಲ. ಎರಡು ವರ್ಷದ ನಂತರ ಅದೇ ಮೂವರು ಮದ್ದನ್ನೂ ಕಂಡುಕೊಂಡರು: ಪ್ರತಿಯೊಬ್ಬರ ದನಿಯನ್ನೂ ಬೇರೆಬೇರೆಯಾಗಿ ಅಳೆಯುತ್ತಿದ್ದೇವೆ ಎಂದು ತಿಳಿಸಿದರೆ ಮೈಗಳ್ಳತನ ಇಳಿಯುತ್ತದೆ.

ಮೊದಲು ಒಬ್ಬೊಬ್ಬರ ಪರೀಕ್ಷೆ ಯಾಕೆಂದು ಈಗ ತಿಳಿಯುತ್ತದೆ. ತಂಡಕ್ಕೆ ಎಂಟು ಜನರಿಗಿಂತ ಕಡಿಮೆ ಯಾಕೆ, ಅವಧಿಯ ಕೊನೆಗೆ ತಂಡದವರೇ ಪರಸ್ಪರ ಅಂಕ ಕೊಡುವುದು ಯಾಕೆ ಎಂಬುದೂ. ಗೆಳೆಯರ ಗುಂಪನ್ನು ಹಾಗೆಯೇ ತಂಡ ಮಾಡಲು ಬಿಡುವುದಿಲ್ಲ, ಅಧ್ಯಾಪಕರೇ ಹಂಚುತ್ತಾರೆ. ಆಸ್ಪತ್ರೆಯಲ್ಲೂ ಜೊತೆಗಾರರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗಿದೆ?

ಔಷಧ ವಿಜ್ಞಾನದ ಶಿಕ್ಷಣಕ್ಕೆ ಇದು ಕಾಲಿಟ್ಟ ದಾಖಲೆಗಳಲ್ಲಿ ನನಗೆ ಇಷ್ಟವಾದದ್ದು ಮತ್ತೆ ಓಕ್ಲಹೋಮದ್ದೇ. ಅಲ್ಲಿನ ಫಾರ್ಮಸಿ ಕಾಲೇಜಿಗೆ ಆಗ ಎರಡು ನೆಲೆ: ಓಕ್ಲಹೋಮ ಸಿಟಿ, ಮತ್ತು ಅಲ್ಲಿಂದ ಸುಮಾರು 170 ಕಿಲೋಮೀಟರ್ ದೂರದ ಟಲ್ಸ. ಹಾರ್ಮೋನು ಗ್ರಂಥಿಗಳ ಕಾಯಿಲೆಗಳ ಪಾಠವನ್ನು ನ್ಯಾನ್ಸಿ ಲೆಟಾಸಿ ಮತ್ತು ಸಂಗಡಿಗರು ಎರಡೂ ಕಡೆ ಏಕಕಾಲಕ್ಕೆ ತಂಡ ಪದ್ಧತಿಗೆ ತಂದು, ಅನುಭವವನ್ನು 2008ರಲ್ಲಿ ಪ್ರಕಟಿಸಿದರು. ಪರದೆಯ ಮೇಲೆ ದೂರದ ಊರಿನ ಅಧ್ಯಾಪಕರ ಲೆಕ್ಚರ್ ಕೇಳುವವರ ಕಣ್ಣು ಎಷ್ಟು ಬೇಗ ಎಳೆಯುತ್ತದೆಂದು ಕೋವಿಡ್ ಕಾಲದಲ್ಲಿ ನಾವೆಲ್ಲ ಕಂಡೆವು. ತಂಡವಿದ್ದಾಗ ಮುಖ್ಯ ಮಾತುಕತೆ ನಿಮ್ಮ ಮೇಜಿನಲ್ಲೇ ನಡೆಯುತ್ತಿರುತ್ತದೆ, ಅಧ್ಯಾಪಕರು ಪರದೆಯಲ್ಲಿದ್ದರೂ ನಷ್ಟ ಕಡಿಮೆ. ಬ್ರಿಟನ್ನಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಫಾರ್ಮಸಿ ವಿಭಾಗವೂ 2012ರಲ್ಲಿ ಈ ಪದ್ಧತಿಗೆ ಬಂತು.

ವಿದ್ಯಾರ್ಥಿ ತೊಡಗಿದ್ದಾನೆ ಎಂದು ಅಳೆಯುವುದು ಹೇಗೆ? ತಲೆ ಅಲ್ಲಾಡಿಸುವುದನ್ನು ನಂಬುವಂತಿಲ್ಲ; ಕಣ್ಣು ತೆರೆದು ನಿದ್ದೆ ಮಾಡುವ ಕಲೆ ಪಿಯುಸಿಯಲ್ಲೇ ಕರಗತವಾಗಿರುತ್ತದೆ. ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ‘ಸ್ಟ್ರೋಬ್’ ಎಂಬ ವಿಧಾನ ಬಳಸಿದರು. ವೀಕ್ಷಕರು ಐದೈದು ನಿಮಿಷದ ಸುತ್ತುಗಳಲ್ಲಿ ಯಾರೋ ಕೆಲವರನ್ನು ಆರಿಸಿ, ಅವರು ಆ ಹೊತ್ತಿನಲ್ಲಿ ಯಾರೊಂದಿಗೆ ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕುತ್ತ ಹೋಗುತ್ತಾರೆ. 2005ರ ಅವರ ವರದಿಯಲ್ಲಿ ತಂಡದ ತರಗತಿಯ ವಿದ್ಯಾರ್ಥಿ–ವಿದ್ಯಾರ್ಥಿ ಒಡನಾಟ ಲೆಕ್ಚರಿಗಿಂತ ಎಷ್ಟೋ ಹೆಚ್ಚಿತ್ತು, ಅಧ್ಯಾಪಕರೊಬ್ಬರು ಪ್ರತಿ ಸಣ್ಣ ಗುಂಪಿನ ಜೊತೆಗೇ ಕೂರುವ ಸಮಸ್ಯಾ ಆಧಾರಿತ ಕಲಿಕೆಯ ಮಟ್ಟಕ್ಕೆ ಹತ್ತಿರವಿತ್ತು. ತಂಡದ ತರಗತಿಗೆ ಅಷ್ಟು ಅಧ್ಯಾಪಕರು ಬೇಕಿಲ್ಲ, ಇಡೀ ಕೋಣೆಗೆ ಒಬ್ಬರು ಸಾಕು. ಹಣದ ಲೆಕ್ಕ ಹಾಕುವ ಆಡಳಿತ ಮಂಡಳಿಗಳಿಗೆ ಈ ವಾಕ್ಯವನ್ನು ಎರಡು ಸಲ ಓದಿ ಹೇಳಬಹುದು.

ಹೊರಗೆ ಕಾಣುವ ಚಟುವಟಿಕೆ ಒಳಗಿನ ಚಟುವಟಿಕೆಯೇ ಆಗಿರಬೇಕಿಲ್ಲ. ಅರಿಜೋನದ ಮಿಶೆಲಿನ್ ಚೀ ಮತ್ತು ರೂತ್ ವೈಲಿ 2014ರಲ್ಲಿ ಕೊಟ್ಟ ನಾಲ್ಕು ಮೆಟ್ಟಿಲುಗಳ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸುಮ್ಮನೆ ಕೇಳುವುದು ಕೆಳಗಿನ ಮೆಟ್ಟಿಲು. ಅಡಿಗೆರೆ ಎಳೆಯುವುದು, ನೋಟ್ಸ್ ನಕಲು ಮಾಡುವುದು ಅದರ ಮೇಲಿನದು. ಕೇಳಿದ್ದನ್ನು ತನ್ನ ಮಾತಿನಲ್ಲಿ ಕಟ್ಟಿ ಕಾರಣ ಕೊಡುವುದು ಮೂರನೆಯದು. ಇನ್ನೊಬ್ಬರ ಕಾರಣದ ಮೇಲೆ ತನ್ನ ಕಾರಣ ಪೇರಿಸುವುದು, ಇಲ್ಲವೇ ಅದನ್ನು ಕೆಡವುವುದು ನಾಲ್ಕನೆಯದು. ಮೇಲೇರಿದಷ್ಟೂ ಕಲಿಕೆ ಆಳ. ಒಳ್ಳೆಯ ಲೆಕ್ಚರರ್ ಎದುರು ಕೂತ ಶ್ರದ್ಧಾವಂತ ವಿದ್ಯಾರ್ಥಿ ಎರಡನೆಯ ಮೆಟ್ಟಿಲಿನಲ್ಲೇ ಮೂರು ವರ್ಷ ಕಳೆಯಬಹುದು.

ಇಷ್ಟೆಲ್ಲ ಇದ್ದೂ ವಿದ್ಯಾರ್ಥಿಗಳು ಗೊಣಗುತ್ತಾರೆ. ‘ಸರ್ ಪಾಠವನ್ನೇ ಮಾಡಲ್ಲ, ನಾವೇ ಓದ್ಕೊಳ್ಳೋದಾದ್ರೆ ಫೀಸ್ ಯಾಕೆ?’ ಇದು ಸೋಮಾರಿತನದ ಮಾತೆಂದು ತಳ್ಳಿಹಾಕಬೇಡಿ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಹಾರ್ವರ್ಡಿನ ಭೌತವಿಜ್ಞಾನ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ಒಂದೇ ಪಾಠವನ್ನು ಒಂದು ಗುಂಪಿಗೆ ಸೊಗಸಾದ ಲೆಕ್ಚರ್ ಆಗಿ, ಇನ್ನೊಂದು ಗುಂಪಿಗೆ ತಾವೇ ಬಿಡಿಸುವ ಲೆಕ್ಕಗಳಾಗಿ ಕೊಟ್ಟರು. ಪರೀಕ್ಷೆಯಲ್ಲಿ ಎರಡನೆಯವರು ಮೇಲು. ಆದರೆ ‘ಹೆಚ್ಚು ಕಲಿತೆವು’ ಅನ್ನಿಸಿದ್ದು ಲೆಕ್ಚರ್ ಕೇಳಿದವರಿಗೆ. ಸಲೀಸಾಗಿ ಹರಿದ ಮಾತು ತಲೆಗೂ ಸಲೀಸಾಗಿ ಇಳಿಯಿತೆಂಬ ಭ್ರಮೆ ಹುಟ್ಟಿಸುತ್ತದೆ.

ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಮೋಸ ಕಾಣುತ್ತದೆ. ಒಂದು ಗದ್ಯಭಾಗವನ್ನು ನಾಲ್ಕು ಸುತ್ತು ಓದಿದವರು ಒಂದು ಕಡೆ. ಒಂದು ಸುತ್ತು ಓದಿ ಮೂರು ಸಲ ನೆನಪಿನಿಂದ ಬರೆದವರು ಇನ್ನೊಂದು ಕಡೆ. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದು. ವಾರ ಕಳೆದ ಮೇಲೆ ಓದಿದವರಿಗೆ ನೆನಪಿದ್ದದ್ದು ಶೇ 40, ಬರೆದವರಿಗೆ ಶೇ 61. ಅವಧಿಯ ಆರಂಭದ ಆ ಪುಟ್ಟ ಪರೀಕ್ಷೆ ಯಾರು ಓದಿಲ್ಲವೆಂದು ಹಿಡಿಯುವ ಬಲೆಯಷ್ಟೇ ಆಗಿಲ್ಲ, ನೆನಪನ್ನು ಗಟ್ಟಿ ಮಾಡುವ ಕೆಲಸವನ್ನೂ ಅದೇ ಮಾಡುತ್ತದೆ. ಇದನ್ನು ಮೊದಲ ದಿನವೇ ವಿದ್ಯಾರ್ಥಿಗಳ ಮುಂದೆ ಬಿಚ್ಚಿ ಹೇಳಿದರೆ ಗೊಣಗಾಟ ಸ್ವಲ್ಪ ಕಡಿಮೆಯಾದೀತು. ಪೂರ್ತಿ ನಿಲ್ಲುವುದಿಲ್ಲ.

ನಮ್ಮಲ್ಲಿ? ಭಾರತದಲ್ಲಿ ಆರು ವರ್ಷದ ಫಾರ್ಮ್.ಡಿ ಕೋರ್ಸು 2008ರ ನಿಯಮಗಳೊಂದಿಗೆ ಬಂತು. ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಸಾಮಾನ್ಯವಾಗಿ ವರ್ಷಕ್ಕೆ 30 ಸೀಟು. ಆರಾರು ಜನರ ಐದು ತಂಡಕ್ಕೆ ಹೇಳಿ ಮಾಡಿಸಿದ ಸಂಖ್ಯೆ. ನೂರು ಜನರ ಬಿ.ಫಾರ್ಮ್ ತರಗತಿಯಲ್ಲಿ ತೊಡಕು ಬೇರೆ: ನೆಲಕ್ಕೆ ಬಿಗಿದ ಉದ್ದುದ್ದ ಬೆಂಚುಗಳಲ್ಲಿ ಮುಖಾಮುಖಿ ಕೂರುವುದೇ ಕಷ್ಟ. ಮುಂದಿನ ಬೆಂಚಿನ ಮೂವರು ಹಿಂದಕ್ಕೆ ತಿರುಗಿ ಕೂತರೆ ಆರು ಜನರ ತಂಡವೊಂದು ಸಿದ್ಧ, ಕತ್ತು ಮಾತ್ರ ನೋಯುತ್ತದೆ.

ಭಾಷೆಯ ವಿಷಯದಲ್ಲಿ ತಂಡ ಪದ್ಧತಿ ನಮಗೆ ಹೆಚ್ಚೇ ಒದಗೀತು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ನೂರು ಜನರ ಮುಂದೆ ಎದ್ದು ಇಂಗ್ಲಿಷಿನಲ್ಲಿ ಉತ್ತರಿಸುವುದಕ್ಕಿಂತ ಸುಮ್ಮನಿರುವುದನ್ನೇ ಆರಿಸಿಕೊಳ್ಳುತ್ತಾನೆ. ಅಧ್ಯಾಪಕರು ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುತ್ತಾರೆ. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೂ ಆರು ಜನರ ಜಗಳ ಕನ್ನಡದಲ್ಲಿ ನಡೆಯಬಹುದು. ಮುಂದೆ ವಾರ್ಡಿನಲ್ಲಿ ‘ಅಮ್ಮಾ, ಈ ಮಾತ್ರೆ ತಗೊಳ್ಳೋವಾಗ ಸೊಪ್ಪು ಬಿಡಬೇಕಂತೇನಿಲ್ಲ, ಆದ್ರೆ ಒಂದಿನ ಜಾಸ್ತಿ ಒಂದಿನ ಏನೂ ಇಲ್ಲ ಅಂತ ಮಾಡಬೇಡಿ’ ಎಂದು ಹೇಳಬೇಕಾದವನೂ ಅವನೇ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಏರಿಳಿದರೆ ಐಎನ್‌ಆರ್ ಕೂಡ ಏರಿಳಿಯುತ್ತದೆ ಎಂಬುದನ್ನು ಅಷ್ಟು ಸರಳವಾಗಿ ಹೇಳುವ ಅಭ್ಯಾಸ ಸ್ಲೈಡ್ ನೋಡಿ ಬರುವುದಿಲ್ಲ.

ಕಷ್ಟದ ಕೆಲಸ ಇರುವುದು ಪ್ರಶ್ನೆ ಬರೆಯುವಲ್ಲಿ. ಒಂದು ಸರಿ, ಮೂರು ಬಾಲಿಶ ಆಯ್ಕೆ ಕೊಟ್ಟರೆ ಚರ್ಚೆ ಅರ್ಧ ನಿಮಿಷಕ್ಕೆ ಮುಗಿದು ತಂಡ ಸಿನಿಮಾ ವಿಷಯಕ್ಕೆ ಹೊರಳುತ್ತದೆ. ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಒಬ್ಬ ಬುದ್ಧಿವಂತ ಎಡವಬಹುದಾದ ಕಾರಣವಿರಬೇಕು. ಅಂಥವು ಗೈಡುಗಳಲ್ಲಿ ಸಿಗುವುದಿಲ್ಲ, ವಾರ್ಡುಗಳಲ್ಲಿ ಸಿಗುತ್ತವೆ. ಇಂಟರ್ನ್‌ಗಳು ರೌಂಡ್ಸ್‌ನಲ್ಲಿ ಗುರುತಿಸುವ ಔಷಧಗಳ ತಿಕ್ಕಾಟಗಳನ್ನು, ರೋಗಿಯ ಗುರುತು ತೆಗೆದು, ಕಿರಿಯರ ತರಗತಿಗೆ ಪ್ರಶ್ನೆಯಾಗಿ ತಿದ್ದಿಕೊಳ್ಳಬಹುದು.

ಅಂಕಗಳ ಮಾತು ಬಂದಾಗ ‘ನಿಯಮದಲ್ಲಿ ಅವಕಾಶವಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಫಾರ್ಮಸಿ ಕೌನ್ಸಿಲ್‌ನ ಬಿ.ಫಾರ್ಮ್ ನಿಯಮಗಳಲ್ಲಿ ಒಂದು ಥಿಯರಿ ವಿಷಯದ 100 ಅಂಕಗಳಲ್ಲಿ 75 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಆ 25ರೊಳಗೆ ಹಾಜರಾತಿಗೆ 4, ವಿದ್ಯಾರ್ಥಿ–ಶಿಕ್ಷಕ ಒಡನಾಟಕ್ಕೆ 3, ಶೈಕ್ಷಣಿಕ ಚಟುವಟಿಕೆಗಳಿಗೆ 3. ವಿದ್ಯಾರ್ಥಿಗಳು ಪರಸ್ಪರ ಒಡನಾಡಿದ್ದಕ್ಕೆ ಬೇರೆ ಶೀರ್ಷಿಕೆಯಿಲ್ಲ. ಆದರೆ ಶೈಕ್ಷಣಿಕ ಚಟುವಟಿಕೆಗಳ ಪಟ್ಟಿಯಲ್ಲಿ ಕ್ವಿಜ್ ಇದೆ, ಗುಂಪು ಚರ್ಚೆಯೂ ಇದೆ. ಒಬ್ಬೊಬ್ಬರ ಪರೀಕ್ಷೆಯ ಅಂಕ ಕ್ವಿಜ್ಜಿನ ಲೆಕ್ಕಕ್ಕೆ, ತಂಡದ ಅಂಕ ಗುಂಪು ಚರ್ಚೆಯ ಲೆಕ್ಕಕ್ಕೆ ಹಾಕಿದರೆ ಯಾವ ತಿದ್ದುಪಡಿಗೂ ಕಾಯಬೇಕಿಲ್ಲ. ಬರುವ ಸೆಮಿಸ್ಟರಿನಲ್ಲೇ ಒಂದು ವಿಷಯದಿಂದ ಶುರು ಮಾಡಬಹುದು.